ಎಕ್ಕದ ಗಿಡದ ಮುಂದೆ ಅರ್ಧ ಗಂಟೆ: ಮಕ್ಕಳೊಂದಿಗೆ ಹುಳ ನೋಡಲು ಹೊರಡುವವರಿಗೆ

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆಯ ಎದುರಿಗೆ ಒಂದು ಖಾಲಿ ನಿವೇಶನವಿದೆ. ಎರಡು ಎಕ್ಕದ ಗಿಡ, ಒಂದು ಕುಳ್ಳ ಜಾಲಿ ಮರ, ಯಾರೋ ಮನೆ ಕಟ್ಟಿ ಉಳಿಸಿ ಹೋದ ಮರಳಿನ ಗುಡ್ಡೆ, ಒಂದಿಷ್ಟು ಒಡೆದ ಕಲ್ಲು. ದಾರಿಯಲ್ಲಿ ಹೋಗುವವರ ಕಣ್ಣಿಗೆ ಅದು ಕಸ ಬೆಳೆದ ಜಾಗ. ಓಣಿಯ ಮಕ್ಕಳನ್ನು ಕರೆದುಕೊಂಡು ನಾನು ಹುಳ ನೋಡಲು ಹೋಗುವುದು ಮಾತ್ರ ಹೆಚ್ಚಾಗಿ ಅಲ್ಲಿಗೇ.

ಹುಳಹುಪ್ಪಟೆ ನೋಡಬೇಕೆಂದರೆ ಖಾನಾಪುರದ ಕಾಡಿಗೇ ಹೋಗಬೇಕು, ಮಳೆ ಕಡಿಮೆ ಬೀಳುವ ನಮ್ಮ ಬಯಲಿನಲ್ಲಿ ಏನಿದೆ ಎಂದು ಕೇಳುವವರು ಬಹಳ. ನನಗೂ ಹಾಗೆಯೇ ಅನ್ನಿಸುತ್ತಿತ್ತು. ಮೊದಲ ಸಲ ಹದಿನಾಲ್ಕು ಮಕ್ಕಳನ್ನು ಒಟ್ಟಿಗೆ ಕರೆದುಕೊಂಡು ಊರ ಹೊರಗಿನ ಗುಡ್ಡಕ್ಕೆ ಹೋದೆ. ಓಡಾಟ, ಕೂಗಾಟ, ಕೈಯಲ್ಲಿ ಬಲೆ. ಒಂದು ಗಂಟೆಯಲ್ಲಿ ಸಿಕ್ಕಿದ್ದು ರೆಕ್ಕೆ ಹರಿದ ಒಂದು ಚಿಟ್ಟೆ ಮಾತ್ರ. ಮರುವಾರ ಮೂರೇ ಮಕ್ಕಳೊಂದಿಗೆ ಎದುರಿನ ಎಕ್ಕದ ಗಿಡದ ಮುಂದೆ ಗೋಣಿಚೀಲ ಹಾಸಿ ಕುಳಿತೆ. ಅರ್ಧ ಗಂಟೆಯಲ್ಲಿ ಹನ್ನೊಂದು ಬಗೆಯ ಜೀವಿಗಳು ನೋಟ್‌ಬುಕ್ಕಿಗೆ ಏರಿದವು. ಅಂದಿನಿಂದ ಬಲೆ ಅಟ್ಟದ ಮೇಲಿದೆ. ಈ ಕೆಲಸಕ್ಕೆ ಮುಖ್ಯವಾಗಿ ಬೇಕಾದದ್ದು ಒಂದೇ ಜಾಗದಲ್ಲಿ ಕೂರುವ ತಾಳ್ಮೆ. ಉಳಿದ ಸಲಹೆಗಳೆಲ್ಲ ಅದಕ್ಕೆ ಹೊಂದಿಕೊಂಡು ಬರುತ್ತವೆ.

ಯಾವಾಗ ಹೋಗಬೇಕು

ನಮ್ಮ ಕಡೆ ರೈತರು ಮಳೆ ನಕ್ಷತ್ರದ ಲೆಕ್ಕದಲ್ಲಿ ವರ್ಷವನ್ನು ಅಳೆಯುತ್ತಾರೆ. ಹುಳಗಳಿಗೂ ಅದೇ ಪಂಚಾಂಗ ಸರಿಹೊಂದುತ್ತದೆ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಮೊದಲು ಅವರನ್ನು ಕೇಳಲು ಮಕ್ಕಳನ್ನು ಕಳುಹಿಸಿ: ಯಾವ ಮಳೆಗೆ ಯಾವ ಹುಳ ಬರುತ್ತದೆ?

ಜೂನ್ 7–8ರ ಸುಮಾರಿಗೆ ಮೃಗಶಿರಾ, ಅಂದರೆ ನಮ್ಮ ಮಿರಗ, ಕೂಡುತ್ತದೆ. ಒಂದು ಹದವಾದ ಮಳೆ ಬಿದ್ದ ಮರುದಿನ ಬೆಳಿಗ್ಗೆ ಮಸಾರಿ ಹೊಲದ ಬದುವಿಗೆ ಹೋಗಿ ನೋಡಿದರೆ, ಕುಂಕುಮದಲ್ಲಿ ಅದ್ದಿ ತೆಗೆದ ಮಖಮಲ್ಲಿನ ಚೂರಿನಂತೆ ಮಿರಗದ ಹುಳಗಳು ನೆಲದ ಮೇಲೆ ಹರಿದಾಡುತ್ತಿರುತ್ತವೆ. ವರ್ಷದ ಹೆಚ್ಚಿನ ಕಾಲ ಮಣ್ಣಿನೊಳಗೇ ಇದ್ದು, ಮಳೆಯಾದ ಕೂಡಲೇ ಸಂಗಾತಿಯನ್ನು ಹುಡುಕಲು ಮೇಲೆ ಬರುವ ಜೀವಿ ಇದು. ಮಕ್ಕಳಿಗೆ ಕಾಲು ಎಣಿಸಲು ಹೇಳಿ. ಎಂಟು ಸಿಗುತ್ತದೆ. ಕೀಟಗಳಿಗೆ ಇರುವುದು ಆರು ಕಾಲು. ಹಾಗಾಗಿ ಮಿರಗದ ಹುಳ ಕೀಟವಲ್ಲ, ಜೇಡ ಮತ್ತು ಚೇಳಿನ ಬಳಗಕ್ಕೆ ಸೇರಿದ್ದು. ಇದರ ಎಳೆಯ ಮರಿಗೆ ಮಾತ್ರ ಆರೇ ಕಾಲು, ಅದು ಮಿಡತೆಯಂತಹ ಕೀಟಗಳ ಮೈಗೆ ಅಂಟಿಕೊಂಡು ರಸ ಹೀರಿ ಬೆಳೆಯುತ್ತದೆ. ಈ ಹುಳವನ್ನು ಔಷಧಿಗೆಂದು ಹಿಡಿದು ಡಬ್ಬಿ ತುಂಬಿಸುವವರಿದ್ದಾರೆ. ಕೆಲವೇ ದಿನ ಮೇಲೆ ಕಾಣಿಸಿಕೊಂಡು ಮೊಟ್ಟೆಯಿಟ್ಟು ಹೋಗಬೇಕಾದ ಜೀವಿಯನ್ನು ಹೀಗೆ ಗೋರಿಕೊಂಡು ಹೋಗುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮಕ್ಕಳ ಅಂಗೈ ಮೇಲೆ ಒಂದು ನಿಮಿಷ ನಡೆದಾಡಲಿ, ಆಮೇಲೆ ಎತ್ತಿಕೊಂಡ ಜಾಗದಲ್ಲಿಯೇ ಇಳಿಸಿ.

ಅದೇ ದಿನಗಳ ಸಂಜೆ ಹುತ್ತಗಳಿಂದ, ನೆಲದ ಬಿರುಕುಗಳಿಂದ ರೆಕ್ಕೆ ಬಂದ ಗೆದ್ದಲುಗಳು ಹೊಗೆಯಂತೆ ಏಳುತ್ತವೆ. ಆರಿದ್ರಾದಿಂದ ಮಘಾವರೆಗೆ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಕೊನೆಯವರೆಗೆ, ಜಾಲಿ ಮರದಲ್ಲಿ ಜೀರ್ಜಿಂಬೆ, ಹುಲ್ಲಿನಲ್ಲಿ ಮಿಡತೆ, ಸೆಗಣಿಯಲ್ಲಿ ದುಂಬಿ. ಹುಬ್ಬಿ, ಉತ್ತರಿ ಮಳೆಯ ಹೊತ್ತಿಗೆ ಖಾಲಿ ಬಯಲಿನ ಮೇಲೆ, ಹಿನ್ನೀರಿನ ದಂಡೆಯಲ್ಲಿ ಏರೋಪ್ಲೇನ್ ಚಿಟ್ಟೆಗಳ ಹಿಂಡು. ಅವುಗಳಲ್ಲಿ ತೆಳು ಹಳದಿ ಮೈಯ ಒಂದು ಜಾತಿ ಮುಂಗಾರು ಹಿಂದೆ ಸರಿಯುವಾಗ ಗಾಳಿಯ ಬೆನ್ನೇರಿ ಹಿಂದೂ ಮಹಾಸಾಗರ ದಾಟಿ ಆಫ್ರಿಕದ ಕಡೆಗೆ ಹೋಗುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಈ ಮಾತನ್ನು ಕೇಳಿದ ಹುಡುಗಿಯೊಬ್ಬಳು ಅಂದು ಸಂಜೆ ಪೂರ್ತಿ ತಲೆ ಎತ್ತಿಕೊಂಡೇ ನಿಂತಿದ್ದಳು.

ಇನ್ನು ಎಳ್ಳ ಅಮಾವಾಸ್ಯೆ. ಬಂಡಿ ಕಟ್ಟಿಕೊಂಡು ಚರಗ ಚೆಲ್ಲಲು ಹೊಲಕ್ಕೆ ಹೋಗುವ ದಿನ ಮಕ್ಕಳೆಲ್ಲರೂ ಹೇಗೂ ಜೊತೆಗಿರುತ್ತಾರೆ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಮುಗಿದ ಮೇಲೆ ಹಿರಿಯರು ಬನ್ನಿ ಮರದ ನೆರಳಿನಲ್ಲಿ ಒರಗುತ್ತಾರೆ. ಆ ಒಂದು ಗಂಟೆ ಹುಳಗಳದು. ಹಿಂಗಾರಿ ಜೋಳದ ಎಲೆ ಅಂಟು ಅಂಟಾಗಿದ್ದರೆ ಅದನ್ನು ತಿರುವಿ ನೋಡಿ: ಕೆಳಗೆ ಸಸ್ಯಹೇನುಗಳ ಗುಂಪು, ಅವನ್ನು ತಿನ್ನಲು ಬಂದ ಗುಲಗಂಜಿ ಹುಳ, ಅದರ ಪಕ್ಕದಲ್ಲಿ ಪುಟ್ಟ ಮೊಸಳೆಯಂತೆ ಕಾಣುವ ಕಪ್ಪು ಮರಿ. ಆ ಮೊಸಳೆ ಗುಲಗಂಜಿ ಹುಳದ್ದೇ ಮರಿ ಎಂದು ಹೇಳಿದರೆ ಮಕ್ಕಳು ಸುಲಭಕ್ಕೆ ನಂಬುವುದಿಲ್ಲ. ದೊಡ್ಡವರೂ ಅಷ್ಟೇ.

ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಆರೂವರೆಯಿಂದ ಎಂಟರೊಳಗೆ ಮುಗಿಸಿ. ಉಳಿದ ಕಾಲದಲ್ಲಿ ಏಳರಿಂದ ಒಂಬತ್ತು ಒಳ್ಳೆಯ ಹೊತ್ತು. ಚಿಟ್ಟೆಗಳು ಮೈ ಕಾಯಿಸಿಕೊಂಡು ಹಾರಾಟಕ್ಕೆ ಅಣಿಯಾಗುವ ಸಮಯ ಅದು. ಎರೆ ಹೊಲಕ್ಕೆ ಮಳೆಯಾದ ದಿನ ಹೋಗಬೇಡಿ. ಮಣ್ಣು ಕಾಲಿಗೆ ಮೆತ್ತಿಕೊಂಡು ಮಕ್ಕಳು ನಡೆಯಲಾರರು, ಬೆಳೆಯೂ ತುಳಿತಕ್ಕೆ ಸಿಗುತ್ತದೆ.

ಚೀಲದಲ್ಲಿ ಏನಿರಬೇಕು

ಹೆಚ್ಚೇನೂ ಬೇಡ. ಒಂದು ಭೂತಗನ್ನಡಿ, ಮುಚ್ಚಳದಲ್ಲಿ ಸೂಜಿಯಿಂದ ತೂತು ಮಾಡಿದ ಎರಡು ಪಾರದರ್ಶಕ ಡಬ್ಬಿ, ಚಿತ್ರ ಬರೆಯುವ ಮೆತ್ತನೆಯ ಕುಂಚ, ಒಂದು ಬಿಳಿ ಬಟ್ಟೆ, ಹಳೆಯ ಕೊಡೆ, ನೋಟ್‌ಬುಕ್ಕು, ಪೆನ್ಸಿಲ್ಲು, ಮೊಳದುದ್ದದ ಕೋಲು, ಕುಡಿಯುವ ನೀರು. ಹುಳವನ್ನು ಬೆರಳಿನಿಂದ ಹಿಡಿಯಬಾರದು. ಕುಂಚದಿಂದ ಮೆಲ್ಲನೆ ದೂಡಿ ಡಬ್ಬಿಗೆ ಹತ್ತಿಸಬೇಕು. ಮಕ್ಕಳ ಕಾಲಿಗೆ ಬೂಟು, ಮೈಗೆ ಉದ್ದ ತೋಳಿನ ಅಂಗಿ. ಅದರಲ್ಲೂ ಬೂಟಿನ ವಿಷಯದಲ್ಲಿ ರಾಜಿ ಬೇಡ. ಚಪ್ಪಲಿಯಲ್ಲಿ ಬಂದ ಮಗುವನ್ನು ನಾನು ಮನೆಗೆ ಕಳುಹಿಸಿ, ಬೂಟು ಹಾಕಿಕೊಂಡು ಬರುವವರೆಗೆ ಕಾಯುತ್ತೇನೆ.

ಒಬ್ಬ ದೊಡ್ಡವರಿಗೆ ನಾಲ್ಕು ಮಕ್ಕಳು ಸಾಕು. ಐದನೆಯ ಮಗು ಬಂದರೆ ಇನ್ನೊಬ್ಬ ಹಿರಿಯರನ್ನು ಕರೆದುಕೊಳ್ಳಿ.

ಜಾಗ ಆಯ್ಕೆ ಮಾಡುವಾಗ ಒಂದು ವಿಚಾರಣೆ ಕಡ್ಡಾಯ: ಅಲ್ಲಿ ಔಷಧಿ ಹೊಡೆದಿದ್ದಾರೆಯೇ? ನಮ್ಮ ಜಿಲ್ಲೆಗಳಲ್ಲಿ ದ್ರಾಕ್ಷಿ, ದಾಳಿಂಬೆ, ಹತ್ತಿಗೆ ಸಿಂಪಡಣೆ ಹೆಚ್ಚು. ಹೊಲದವರನ್ನು ಕೇಳದೆ ಒಳಗೆ ಕಾಲಿಡಬೇಡಿ. ಸಿಂಪಡಣೆಯಾದ ತೋಟದಲ್ಲಿ ಹುಳವೂ ಇರುವುದಿಲ್ಲ, ಮಕ್ಕಳ ಕೈಗೆ ವಿಷವೂ ಅಂಟುತ್ತದೆ. ಬಿಲಕೆರೂರಿನ ಹಾದಿಯ ಬದುವಾಗಲಿ, ಬಾದಾಮಿಯ ಬಂಡೆಗಳ ಕೆಳಗಿನ ಕುರುಚಲಾಗಲಿ, ಮನೆಯ ಹಿತ್ತಲಾಗಲಿ, ಎಲ್ಲವೂ ನಡೆಯುತ್ತವೆ. ಯಡಹಳ್ಳಿಯ ಚಿಂಕಾರ ಧಾಮ, ಖಾನಾಪುರದ ಭೀಮಗಡದಂತಹ ರಕ್ಷಿತ ಅರಣ್ಯಗಳಿಗೆ ಹೋದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಡಬ್ಬಿ ಮನೆಯಲ್ಲಿಯೇ ಉಳಿಯಬೇಕು. ಅಲ್ಲಿ ಕಣ್ಣಿಗೆ ಮಾತ್ರ ಕೆಲಸ.

ಮೊದಲು ಎಕ್ಕದ ಮುಂದೆ

ಹನುಮಪ್ಪನಿಗೆ ಹಾರ ಮಾಡುವ ಗಿಡ; ಹುಡುಕಬೇಕಾಗಿಯೇ ಇಲ್ಲ, ಎಲ್ಲಿ ಏನೂ ಬೆಳೆಯುವುದಿಲ್ಲವೋ ಅಲ್ಲಿಯೂ ಎಕ್ಕ ಇರುತ್ತದೆ. ಆದರೆ ಕೂರುವ ಮೊದಲೇ ಮಕ್ಕಳಿಗೆ ಒಂದು ಮಾತು ಗಟ್ಟಿಯಾಗಿ ಹೇಳಿ: ಎಲೆ ಕೀಳಬಾರದು, ಟೊಂಗೆ ಮುರಿಯಬಾರದು. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಕಣ್ಣು ಉರಿದು ಮಂಜಾಗುತ್ತದೆ. ಒಂದು ವೇಳೆ ತಾಗಿತೆಂದರೆ ಉಜ್ಜಲು ಬಿಡದೆ ಶುದ್ಧ ನೀರಿನಿಂದ ಹದಿನೈದು ಇಪ್ಪತ್ತು ನಿಮಿಷ ತೊಳೆದು, ಅಂದೇ ಕಣ್ಣಿನ ವೈದ್ಯರಿಗೆ ತೋರಿಸಬೇಕು.

ಗಿಡದಿಂದ ಒಂದು ಮಾರು ದೂರದಲ್ಲಿ ಕುಳಿತುಕೊಳ್ಳಿ. ಮೊದಲ ಐದು ನಿಮಿಷ ಯಾರೂ ಮಾತನಾಡುವಂತಿಲ್ಲ. ಈ ಐದು ನಿಮಿಷ ಬಹಳ ಕಷ್ಟದ್ದು. ಎರಡನೆಯ ನಿಮಿಷಕ್ಕೆ ಒಬ್ಬ ಕೆಮ್ಮುತ್ತಾನೆ, ಇನ್ನೊಬ್ಬಳು ನಗುತ್ತಾಳೆ. ನಾಲ್ಕನೆಯ ನಿಮಿಷಕ್ಕೆ ಗಿಡ ತನ್ನ ಪಾಡಿಗೆ ತಾನು ನಡೆಯಲು ಶುರುಮಾಡುತ್ತದೆ.

ಮೊದಲು ಬರುವುದು ಸಾಮಾನ್ಯವಾಗಿ ದೊಡ್ಡ ಕರಿ ದುಂಬಿ. ರೆಕ್ಕೆಯಲ್ಲಿ ನೀಲಿ ಹೊಳಪು, ಹಾರಿದರೆ ಕಾರಿನ ಎಂಜಿನ್ನಿನ ಸದ್ದು. ಒಣ ಕಟ್ಟಿಗೆ, ಬಿದಿರಿನಲ್ಲಿ ದುಂಡನೆಯ ತೂತು ಕೊರೆದು ಗೂಡು ಮಾಡುವ ಬಡಗಿ ದುಂಬಿ ಇದು. ಎಕ್ಕದ ಗಟ್ಟಿ ಹೂವಿನ ಪರಾಗವನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸಲು ಇಂತಹ ಬಲವಾದ ದುಂಬಿಯೇ ಬೇಕು.

ಆಮೇಲೆ ಎಲೆಯ ಅಡಿ ನೋಡಿ. ಎಳೆಯ ಚಿಗುರಿನ ಮೇಲೆ ಅರಿಶಿನ ಚೆಲ್ಲಿದಂತೆ ಕಾಣುವ ಹಳದಿ ಸಸ್ಯಹೇನುಗಳು, ಅವು ಒಸರುವ ಸಿಹಿಗಾಗಿ ಸಾಲು ಹಚ್ಚಿದ ಇರುವೆಗಳು. ಕೆಂಪು ಮೈಯಲ್ಲಿ ಕಪ್ಪು ಗುರುತಿನ ತಿಗಣೆಗಳು ಕಾಯಿಯ ಮೇಲೆ ಇರುತ್ತವೆ. ಇಲ್ಲಿ ಮಕ್ಕಳಿಗೆ ಒಂದು ಪ್ರಶ್ನೆ ಕೇಳುವುದನ್ನು ನಾನು ಎಂದೂ ಬಿಡುವುದಿಲ್ಲ: ಈ ಗಿಡದಲ್ಲಿ ಇಷ್ಟೊಂದು ಹುಳಗಳು ಏಕೆ ಕೆಂಪು, ಹಳದಿ, ಕಪ್ಪು? ಅಡಗಿಕೊಳ್ಳಲು ಹಸಿರಾಗಿರಬೇಕಲ್ಲವೇ? ಉತ್ತರ ಹೇಳಲು ಅವಸರಿಸಬೇಡಿ. ಏಳು ವರ್ಷದ ಹುಡುಗನೊಬ್ಬ ಬಹಳ ಹೊತ್ತು ಯೋಚಿಸಿ, "ನಾ ಕಹಿ ಅದೀನಿ ಅಂತ ಹೇಳಾಕ" ಎಂದಿದ್ದ. ಅವನು ಹೇಳಿದ್ದು ಸರಿ. ಎಕ್ಕದ ವಿಷವನ್ನು ತಿಂದು ಮೈಯಲ್ಲಿ ಇಟ್ಟುಕೊಳ್ಳುವ ಹುಳಗಳು ಆ ಬಣ್ಣದಿಂದಲೇ ಹಕ್ಕಿಗಳಿಗೆ ಎಚ್ಚರಿಕೆ ಕೊಡುತ್ತವೆ.

ಎಕ್ಕದ ಮಿಡತೆಯಂತೂ ಈ ಮಾತಿಗೆ ಸಾಕ್ಷಿ ನುಡಿಯುವಂತಿದೆ. ಹಳದಿ, ನೀಲಿ ಹಸಿರು ಪಟ್ಟೆಗಳ, ಯಾರೋ ಬಣ್ಣ ಬಳಿದಂತಿರುವ ಬೆರಳುದ್ದದ ಮಿಡತೆ. ಹತ್ತಿರ ಹೋದರೂ ಇದಕ್ಕೆ ಹಾರಿ ಹೋಗುವ ಅವಸರವಿಲ್ಲ. ಮರಿ ಮಿಡತೆಯನ್ನು ಹಿಡಿದು ಒತ್ತಿದರೆ ಮೈಯಿಂದ ಕಹಿ ದ್ರವವನ್ನು ಚಿಮ್ಮಿಸುತ್ತದೆ. ನೋಡಿದರೆ ಸಾಕು, ಮುಟ್ಟುವುದು ಬೇಡ.

ಕೊನೆಗೆ ಚಿಟ್ಟೆ. ಕಿತ್ತಳೆ ಬಣ್ಣ, ರೆಕ್ಕೆಯ ತುದಿ ಕಪ್ಪು, ಅದರಲ್ಲಿ ಬಿಳಿ ಚುಕ್ಕೆ: ಪ್ಲೇನ್ ಟೈಗರ್. ಅವಸರವಿಲ್ಲದೆ ಗಿಡದ ಸುತ್ತ ಸುಳಿದು, ಹೊಟ್ಟೆ ಬಾಗಿಸಿ ಎಲೆಗೆ ತಾಗಿಸಿ ಹೋಯಿತೆಂದರೆ ಅಲ್ಲಿ ಒಂದು ಮೊಟ್ಟೆ ಇಟ್ಟಿದೆ. ಆ ಎಲೆ ಹುಡುಕಿ ಭೂತಗನ್ನಡಿ ಹಿಡಿಯಿರಿ. ಸಾಸಿವೆಗಿಂತ ಸಣ್ಣ, ಬೆಳ್ಳಗಿನ, ಗೆರೆ ಕೊರೆದ ಮೊಟ್ಟೆ. ಅದರ ಹುಳ ಬಿಳಿ, ಕಪ್ಪು, ಹಳದಿ ಪಟ್ಟೆಗಳದು. ಬೆನ್ನ ಮೇಲೆ ಮೂರು ಜೊತೆ ಕಪ್ಪು ಎಳೆಗಳಿರುತ್ತವೆ. ತಲೆ ಯಾವ ಕಡೆ ಎಂದು ಮಕ್ಕಳು ವಾದ ಮಾಡಲಿ. ಅದು ತಿನ್ನುವವರೆಗೆ ಕಾದರೆ ಉತ್ತರ ಸಿಗುತ್ತದೆ. ಮೊಟ್ಟೆಯಿಂದ ಚಿಟ್ಟೆಯಾಗಲು ಸುಮಾರು ಮೂರರಿಂದ ನಾಲ್ಕು ವಾರ ಸಾಕು. ಹಾಗಾಗಿ ಕಂಡ ಎಲೆಯ ತೊಟ್ಟಿಗೆ ಒಂದು ಕೆಂಪು ದಾರ ಸಡಿಲವಾಗಿ ಕಟ್ಟಿ, ದಿನಾಂಕ ಬರೆದುಕೊಳ್ಳಿ. ದಾರ ಕಟ್ಟುವುದು ದೊಡ್ಡವರ ಕೆಲಸ, ಹಾಲಿನ ಭಯವಿದೆ.

ಆಮೇಲೆ ನೆಲ

ಗೋಡೆಯ ಬುಡದಲ್ಲಿ, ಮಳೆ ತಾಗದ ನುಣುಪು ಮಣ್ಣಿನಲ್ಲಿ ಆಲಿಕೆಯಂತಹ ಪುಟ್ಟ ಕುಳಿಗಳಿರುತ್ತವೆ. ಹಳೆಯ ಗುಡಿಗಳ ಜಗುಲಿಯ ಕೆಳಗೆ ಹತ್ತಾರು ಸಿಗುತ್ತವೆ. ಕುಳಿಯ ತಳದಲ್ಲಿ ಮಣ್ಣಿನೊಳಗೆ ಹೂತು ಕುಳಿತಿರುವುದು ಕುಳಿ ಹುಳ. ಇರುವೆ ಜಾರಿ ಬೀಳುವುದನ್ನೇ ಕಾಯುತ್ತದೆ. ಹುಲ್ಲುಕಡ್ಡಿಯಿಂದ ಅಂಚಿನ ನಾಲ್ಕು ಕಣ ಮಣ್ಣು ಉರುಳಿಸಿ. ಕೆಳಗಿನಿಂದ ಮರಳು ಎರಚುತ್ತದೆ! ಮಕ್ಕಳು ಹೌಹಾರುತ್ತಾರೆ. ಚಮಚದಿಂದ ಮಣ್ಣು ಸಮೇತ ಎತ್ತಿ ಬಿಳಿ ಬಟ್ಟೆಯ ಮೇಲೆ ಹಾಕಿದರೆ ಹಿಂದಕ್ಕೆ ಹಿಂದಕ್ಕೆ ನಡೆಯುವ ದಪ್ಪ ಹೊಟ್ಟೆಯ ಜೀವಿಯೊಂದು ಕಾಣುತ್ತದೆ. ಮಕ್ಕಳಿಗೆ ಅತ್ಯಂತ ಪ್ರಿಯವಾದ ಸಂಗತಿ ಒಂದಿದೆ: ಈ ಹುಳ ಮರಿಯಾಗಿರುವಷ್ಟು ಕಾಲವೂ ಮಲ ಹಾಕುವುದಿಲ್ಲ. ತಿಂಗಳುಗಟ್ಟಲೆ ತಿಂದದ್ದರ ಶೇಷವನ್ನೆಲ್ಲ ಒಳಗೇ ಇಟ್ಟುಕೊಂಡು, ರೆಕ್ಕೆ ಬಂದ ಮೇಲೆ ಹೊರಹಾಕುತ್ತದೆ. ರೆಕ್ಕೆ ಬಂದಾಗ ಅದು ಏರೋಪ್ಲೇನ್ ಚಿಟ್ಟೆಯಂತೆ ಕಾಣುತ್ತದೆ, ಮೀಸೆ ಮಾತ್ರ ತುದಿಯಲ್ಲಿ ದಪ್ಪ. ನೋಡಿ ಮುಗಿದ ಮೇಲೆ ಅದೇ ಮಣ್ಣಿಗೆ ಬಿಟ್ಟು ಕಾದರೆ, ಮತ್ತೆ ಕುಳಿ ತೋಡುವುದನ್ನೂ ನೋಡಬಹುದು.

ಬಯಲಿನಲ್ಲಿ ನೆಲದ ತೂತಿನ ಸುತ್ತ ಹೊಟ್ಟಿನ ಬಳೆಯಂತಹ ವೃತ್ತ ಕಂಡರೆ ಅದು ಕಾಳು ಕೂಡಿಡುವ ಇರುವೆಗಳ ಕಣ. ಹುಲ್ಲಿನ ಬೀಜ, ಉದುರಿದ ಜೋಳ ತಂದು, ಸುಲಿದು, ಹೊಟ್ಟನ್ನು ಹೊರಗೆ ಚೆಲ್ಲುತ್ತವೆ. ನಾಲ್ಕು ಸಜ್ಜೆ ಕಾಳು, ನಾಲ್ಕು ಸಣ್ಣ ಹರಳು ಒಂದೇ ಸಾಲಿನಲ್ಲಿ ಇಟ್ಟು ಯಾವುದನ್ನು ಒಯ್ಯುತ್ತವೆ, ಎಷ್ಟು ಹೊತ್ತಿಗೆ ಒಯ್ಯುತ್ತವೆ ಎಂದು ಗಡಿಯಾರ ನೋಡಿ ಬರೆಯಲು ಹೇಳಿ.

ಸೆಗಣಿ ನೋಡಲು ಮಕ್ಕಳಿಗಿಂತ ಪಾಲಕರಿಗೇ ಹೇಸಿಗೆ. ಮಳೆಗಾಲದಲ್ಲಿ ದನ ಮೇಯುವ ಜಾಗದ ತಾಜಾ ಸೆಗಣಿಯ ಬಳಿ ಹತ್ತು ನಿಮಿಷ ಕುಳಿತರೆ, ಸೆಗಣಿ ಹುಳ ಉಂಡೆ ಕಟ್ಟಿ, ತಲೆ ಕೆಳಗೆ ಮಾಡಿ, ಹಿಂಗಾಲಿನಿಂದ ಹಿಮ್ಮುಖವಾಗಿ ಉರುಳಿಸಿಕೊಂಡು ಹೋಗುವುದು ಕಾಣಬಹುದು. ನಡುವೆ ನಿಂತು ಉಂಡೆಯ ಮೇಲೆ ಹತ್ತಿ ಒಂದು ಸುತ್ತು ತಿರುಗುತ್ತದೆ; ಸೂರ್ಯನ ಸ್ಥಾನ ನೋಡಿ ದಿಕ್ಕು ಸರಿ ಮಾಡಿಕೊಳ್ಳುವ ಬಗೆ ಅದು. ಆಫ್ರಿಕದ ಒಂದು ಜಾತಿ ರಾತ್ರಿಯಲ್ಲಿ ಆಕಾಶಗಂಗೆಯ ಬೆಳಕಿನಿಂದ ದಿಕ್ಕು ಹಿಡಿಯುತ್ತದೆ ಎಂದು 2013ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಹೊಲಕ್ಕೆ ಗೊಬ್ಬರ ಇಳಿಸುವ ಈ ಕೂಲಿಕಾರನಿಗೆ ನಾವು ಒಂದು ಪೈಸೆ ಕೊಟ್ಟಿಲ್ಲ.

ಕಲ್ಲು ಎತ್ತುವ ಕ್ರಮ

ಇದನ್ನು ಎರಡು ಸಲ ಓದಿ. ನಮ್ಮ ಸೀಮೆಯ ಕಲ್ಲಿನ ಕೆಳಗೆ ಕೆಂಪು ಚೇಳು ಇರುತ್ತದೆ, ಮಂಡಲದ ಹಾವೂ ಇರಬಹುದು. ಮಕ್ಕಳು ಕಲ್ಲಿಗೆ ಕೈ ಹಚ್ಚುವಂತಿಲ್ಲ. ಎತ್ತುವವರು ದೊಡ್ಡವರು, ಅದೂ ಕೋಲಿನಿಂದ. ಮಕ್ಕಳು ನಿಮ್ಮ ಬೆನ್ನ ಹಿಂದೆ ಇರಲಿ. ಕಲ್ಲಿನ ಆಚೆಯ ಅಂಚಿಗೆ ಕೋಲು ಹಾಕಿ ನಿಮ್ಮ ಕಡೆಗೆ ಎಬ್ಬಿಸಬೇಕು. ಆಗ ತೆರೆಯುವ ಬಾಯಿ ಆಚೆ ಕಡೆಗಿರುತ್ತದೆ, ಒಳಗಿದ್ದದ್ದು ನಿಮ್ಮಿಂದ ದೂರ ಓಡುತ್ತದೆ, ನಡುವೆ ಕಲ್ಲು ಗುರಾಣಿಯಾಗಿ ನಿಲ್ಲುತ್ತದೆ. ಮೊದಲು ನೀವು ಇಣುಕಿ, ಅಪಾಯವಿಲ್ಲ ಎಂದು ಖಚಿತವಾದ ಮೇಲೆ ಮಕ್ಕಳನ್ನು ಕರೆಯಿರಿ. ಎರಡು ಕೈಯಿಂದ ಎತ್ತಬೇಕಾದ ದೊಡ್ಡ ಬಂಡೆಯನ್ನು, ಹಳೆಯ ಕಲ್ಲಿನ ರಾಶಿಯನ್ನು, ಹುತ್ತವನ್ನು ಮುಟ್ಟಲೇಬೇಡಿ.

ಸಣ್ಣ ಕಲ್ಲಿನ ಕೆಳಗೆ ಇರುವೆಗಳ ಬಿಳಿ ಮೊಟ್ಟೆ, ಮಿಂಚಿ ಮಾಯವಾಗುವ ಜೇಡ, ಸುರುಳಿ ಸುತ್ತಿಕೊಳ್ಳುವ ಸಹಸ್ರಪದಿ ಸಿಗುತ್ತವೆ. ಮಕ್ಕಳು ರೈಲು ಎಂದು ಕರೆಯುವ ಸಹಸ್ರಪದಿಗೆ ಮೈಯ ಬಹುತೇಕ ಗೆಣ್ಣುಗಳಲ್ಲಿ ಎರಡು ಜೊತೆ ಕಾಲು. ಜರಿಗೆ ಗೆಣ್ಣಿಗೆ ಒಂದೇ ಜೊತೆ. ರೈಲು ಸಾಧು, ಜರಿ ಕಚ್ಚುತ್ತದೆ. ನೋಡಿ ಮುಗಿದ ಮೇಲೆ ಕಲ್ಲನ್ನು ಇದ್ದ ಹಾಗೆಯೇ ಮೆಲ್ಲನೆ ಇಳಿಸಿ. ಅದು ಯಾರದೋ ಮನೆಯ ಮಾಳಿಗೆ.

ಟೊಂಗೆಯ ಕೆಳಗೆ ಕೊಡೆ

ಕೊಡೆಯನ್ನು ತೆರೆದು ತಲೆಕೆಳಗಾಗಿ ಜಾಲಿಯ ತಗ್ಗು ಟೊಂಗೆಯ ಕೆಳಗೆ ಹಿಡಿಯಿರಿ, ಒಳಗೆ ಬಿಳಿ ಬಟ್ಟೆ ಹಾಸಿ. ಕೋಲಿನಿಂದ ಟೊಂಗೆಗೆ ಎರಡು ಏಟು ಸಾಕು. ಸಣ್ಣ ಜೇಡಗಳು, ಸೊಂಡಿಲ ದುಂಬಿಗಳು, ಕಡ್ಡಿಯಂತೆ ಬಿದ್ದು ನಂತರ ನಡೆಯತೊಡಗುವ ಹುಳಗಳು, ಅದೃಷ್ಟವಿದ್ದರೆ ಮುಂಗಾಲು ಮಡಚಿದ ಸೂರ್ಯನ ಕುದುರೆ ಉದುರುತ್ತವೆ. ಏಟು ಹಾಕುವ ಮೊದಲು ಮರದಲ್ಲಿ ಜೇನು, ಕಡಜದ ಗೂಡು ಇಲ್ಲವೆಂದು ನೋಡಿಕೊಳ್ಳಿ. ನುಗ್ಗೆ ಮರಕ್ಕೆ ಈ ಪ್ರಯೋಗ ಬೇಡ, ಕಂಬಳಿ ಹುಳ ಸುರಿದು ಮೈಯೆಲ್ಲ ತುರಿಸುತ್ತದೆ.

ಜಾಲಿಯಲ್ಲಿ ಹಸಿರು ಹೊಳೆಯುವ ಜೀರ್ಜಿಂಬೆ ಸಿಕ್ಕರೆ ನನ್ನ ಬಾಲ್ಯ ನೆನಪಾಗುತ್ತದೆ. ಬೆಂಕಿಪೊಟ್ಟಣದಲ್ಲಿ ಜಾಲಿ ಎಲೆ ಹಾಕಿ ಅದನ್ನು ಇಡುತ್ತಿದ್ದೆವು, ದಾರ ಕಟ್ಟಿ ಹಾರಿಸುತ್ತಿದ್ದೆವು. ಕೆಲವೇ ದಿನಗಳಲ್ಲಿ ಸಾಯುತ್ತಿತ್ತು. ಇದನ್ನು ನಾನು ಮಕ್ಕಳಿಂದ ಮುಚ್ಚಿಡುವುದಿಲ್ಲ. ಆಗ ಅದು ತಪ್ಪೆಂದು ಗೊತ್ತಿರಲಿಲ್ಲ, ಈಗ ಗೊತ್ತಿದೆ ಎನ್ನುತ್ತೇನೆ. ಡಬ್ಬಿಯಲ್ಲಿ ನೆರಳಿನಲ್ಲಿ ಐದು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ಮಕ್ಕಳೇ ನಿಮಿಷ ಎಣಿಸಿ ಬಿಡುತ್ತಾರೆ.

ತೊಗರಿ, ಹೆಸರಿನ ಹೂವಿನ ಮೇಲೆ ಕಪ್ಪು ಮೈಗೆ ಕಿತ್ತಳೆ ಪಟ್ಟೆಯ ದುಂಬಿ ಕಂಡರೆ ದೂರದಿಂದಲೇ ನೋಡಿ. ಅದರ ರಸ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ.

ಗೋಡೆಯ ಮೇಲಿನ ಮಣ್ಣಿನ ಗಡಿಗೆ

ಹೊರಗೆ ಹೋಗಲಾಗದ ದಿನ ಮನೆಯ ಕಿಟಕಿಯ ಮೂಲೆ ನೋಡಿ. ಒಂಟಿ ಕಡಜ ಕಟ್ಟಿದ ಮಣ್ಣಿನ ಗೂಡು ಇದ್ದೇ ಇರುತ್ತದೆ. ಶರಣರ ನಾಡಿನಲ್ಲಿ ಹುಟ್ಟಿದ ನಾವು ಕೀಟ–ಭ್ರಮರ ನ್ಯಾಯದ ಮಾತು ಕೇಳಿಕೊಂಡೇ ಬೆಳೆದವರು: ಭ್ರಮರವು ಕೀಟವನ್ನು ತಂದು ಗೂಡಿನಲ್ಲಿಟ್ಟು, ಕುಟುಕಿ ಕುಟುಕಿ ತನ್ನಂತೆಯೇ ಮಾಡುತ್ತದೆ ಎಂದು. ಹಿಂದಿನವರು ಕಂಡದ್ದು ನಿಜ. ಒಳಗೆ ಹೋದದ್ದು ಕಂಬಳಿಯಿಲ್ಲದ ಹಸಿರು ಹುಳ, ಹೊರಬಂದದ್ದು ಕಡಜ. ನಡುವೆ ಗೋಡೆಯ ಹಿಂದೆ ನಡೆಯುವುದು ಬೇರೆ: ಕಡಜ ಹುಳವನ್ನು ಚುಚ್ಚಿ ಕೊಲ್ಲದೆ ನಿಶ್ಚೇಷ್ಟಗೊಳಿಸಿ, ಗೂಡಿನಲ್ಲಿ ತನ್ನ ಮೊಟ್ಟೆಯೊಂದಿಗೆ ಇಟ್ಟು ಬಾಯಿ ಮುಚ್ಚುತ್ತದೆ. ಮೊಟ್ಟೆಯೊಡೆದ ಮರಿ ಆ ತಾಜಾ ಆಹಾರ ತಿಂದು ಬೆಳೆದು ಗೋಡೆ ಕೊರೆದು ಬರುತ್ತದೆ. ಕೆಲವು ಜಾತಿಗಳು ಹುಳದ ಬದಲು ಜೇಡಗಳನ್ನು ತುಂಬುತ್ತವೆ. ಒಂದು ಉಪಮೆಯ ಒಳಗೆ ಎಷ್ಟು ಸೂಕ್ಷ್ಮ ನೋಟವಿತ್ತು ಎಂಬುದು ಮಕ್ಕಳಿಗೆ ಗೋಡೆಯ ಮುಂದೆ ನಿಂತಾಗ ಚೆನ್ನಾಗಿ ತಿಳಿಯುತ್ತದೆ. ತೂತು ಬಿದ್ದ ಹಳೆಯ ಗೂಡನ್ನು ಮಾತ್ರ ಒಡೆದು ತೋರಿಸಿ.

ರಾತ್ರಿ ಬಿಳಿ ಬಟ್ಟೆ

ಮಳೆಗಾಲದ ಕತ್ತಲ ರಾತ್ರಿ ಮಾಳಿಗೆಯ ಮೇಲೆ ಅಜ್ಜನ ಧೋತರ ಕಟ್ಟಿ, ಮುಂದೆ ಒಂದು ಬಲ್ಬು ಉರಿಸಿ. ಅಮಾವಾಸ್ಯೆಯ ಆಸುಪಾಸಿನ, ಗಾಳಿಯಿಲ್ಲದ ರಾತ್ರಿ ಒಳ್ಳೆಯದು. ಏಳೂವರೆಯಿಂದ ಒಂಬತ್ತರವರೆಗೆ ಪತಂಗಗಳು ಬಂದು ಬಟ್ಟೆಯ ಮೇಲೆ ಕೂರುತ್ತವೆ. ಒಣ ಎಲೆಯಂತಹದು, ಮರದ ತೊಗಟೆಯಂತಹದು, ಹಕ್ಕಿಯ ಹಿಕ್ಕೆಯಂತಹದು. ಮುಗಿದ ಕೂಡಲೇ ದೀಪ ಆರಿಸಬೇಕು, ಇಲ್ಲದಿದ್ದರೆ ಅವು ಬೆಳಗಿನವರೆಗೆ ಅಲ್ಲೇ ಸುತ್ತಿ ಸೋಲುತ್ತವೆ.

ಒಂದು ಎಚ್ಚರ. ದೀಪಕ್ಕೆ ಬರುವ ಹುಳಗಳಲ್ಲಿ ಇರುವೆಯಂತೆ ಸಪೂರವಾದ, ಕಿತ್ತಳೆ ಮತ್ತು ಕಪ್ಪು ಬಣ್ಣ ಹಂಚಿಕೊಂಡ ಒಂದು ದುಂಬಿ ಇದೆ. ಅದು ಕಚ್ಚುವುದಿಲ್ಲ, ಮೈಮೇಲೆ ಕೂತಾಗ ನಾವು ಒರೆಸಿ ಉಜ್ಜಿದರೆ ಅದರ ರಸದಿಂದ ಚರ್ಮ ಸುಟ್ಟಂತಾಗುತ್ತದೆ. ಊದಿ ಹಾರಿಸಬೇಕು, ಉಜ್ಜಬಾರದು. ಉಜ್ಜಿಬಿಟ್ಟರೆ ಸಾಬೂನು ಹಚ್ಚಿ ತೊಳೆಯಿರಿ.

ಕಚ್ಚಿದರೆ, ಚುಚ್ಚಿದರೆ

ಇರುವೆ ಕಚ್ಚಿದರೆ ತಣ್ಣೀರು ಸಾಕು. ಜೇನು ಚುಚ್ಚಿದರೆ ಮುಳ್ಳನ್ನು ಉಗುರಿನಿಂದ ಆದಷ್ಟು ಬೇಗ ಕೆರೆದು ತೆಗೆದು ತಣ್ಣನೆಯ ಬಟ್ಟೆ ಇಡಿ. ಮುಖ ಊದಿಕೊಂಡು ಉಸಿರಾಟ ಕಷ್ಟವಾದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಎತ್ತರದ ಬಂಡೆ, ಹಳೆಯ ಕಟ್ಟಡದ ಕಮಾನು, ದೊಡ್ಡ ಮರಗಳಲ್ಲಿ ಹೆಜ್ಜೇನಿನ ಹುಟ್ಟು ಕಂಡರೆ ಆ ದಿನ ಅಲ್ಲಿ ಕಾರ್ಯಕ್ರಮವೇ ಬೇಡ.

ಕೆಂಪು ಚೇಳು ಕುಟುಕಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಮಗು ಬೆವರುವುದು, ವಾಂತಿ ಮಾಡುವುದು, ಕೈಕಾಲು ತಣ್ಣಗಾಗುವುದು ಹೃದಯಕ್ಕೆ ಪೆಟ್ಟು ಬೀಳುತ್ತಿರುವ ಲಕ್ಷಣಗಳು. ಅವು ಕಾಣಿಸುವವರೆಗೂ ಕಾಯದೆ ನೇರವಾಗಿ ಆಸ್ಪತ್ರೆಗೆ ಹೋಗಿ. ಪಕ್ಕದ ಮಹಾರಾಷ್ಟ್ರದ ಮಹಾಡದ ವೈದ್ಯ ಹಿಮ್ಮತರಾವ್ ಬಾವಸ್ಕರ್ ಅವರು ಪ್ರಾಜೊಸಿನ್ ಎಂಬ ಮಾತ್ರೆಯಿಂದ ಇದಕ್ಕೆ ಚಿಕಿತ್ಸೆ ಸಾಧ್ಯವೆಂದು ತೋರಿಸಿದ ಮೇಲೆ ಎಷ್ಟೋ ಮಕ್ಕಳು ಬದುಕಿದ್ದಾರೆ. ಹೊತ್ತಿಗೆ ಸರಿಯಾಗಿ ತಲುಪುವುದೊಂದೇ ನಮ್ಮ ಪಾಲಿನ ಕೆಲಸ. ಹಾವು ಕಚ್ಚಿದರೂ ಅಷ್ಟೇ: ಮಗುವನ್ನು ನಡೆಸದೆ, ಕಚ್ಚಿದ ಅಂಗವನ್ನು ಅಲುಗಾಡಿಸದೆ ಒಯ್ಯಬೇಕು. ಹೊರಡುವ ಮುನ್ನವೇ ಹತ್ತಿರದ ಸರ್ಕಾರಿ ಆಸ್ಪತ್ರೆಯ ದಾರಿ ತಿಳಿದುಕೊಂಡಿರಿ.

ಬರೆದಿಡುವುದು

ಮನೆಗೆ ಬಂದು ಕೈ ತೊಳೆದು, ಚುರುಮುರಿ ತಿಂದ ಮೇಲೆ ನೋಟ್‌ಬುಕ್ಕು ತೆಗೆಯಿರಿ. ದಿನಾಂಕ, ಮಳೆ ನಕ್ಷತ್ರ, ಜಾಗ, ಗಿಡದ ಹೆಸರು, ಕಾಲುಗಳ ಸಂಖ್ಯೆ, ಅದು ಏನು ಮಾಡುತ್ತಿತ್ತು. ಕೊನೆಯದು ಎಲ್ಲಕ್ಕಿಂತ ಮುಖ್ಯ. ಚಿತ್ರ ಚೆನ್ನಾಗಿಲ್ಲ ಎಂದು ಯಾವ ಮಗುವಿಗೂ ಹೇಳಬೇಡಿ. ಮೊಬೈಲ್ ಫೋಟೊ ತೆಗೆಯುವವರು ತೆಗೆಯಲಿ, ಆದರೆ ಚಿತ್ರ ಬರೆದ ಮಗು ಕಾಲು ಎಣಿಸಿರುತ್ತದೆ, ಫೋಟೊ ತೆಗೆದ ಮಗು ಎಣಿಸಿರುವುದಿಲ್ಲ. ಇಂಗ್ಲಿಷ್ ಹೆಸರು ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ. ಒಂದು ಸಾಲು ಖಾಲಿ ಬಿಟ್ಟು, ಅಜ್ಜಿಯನ್ನು ಕೇಳಿ ಊರಿನ ಹೆಸರು ಬರೆಯಲು ಹೇಳಿ. ಒಂದೇ ಹುಳಕ್ಕೆ ಜಮಖಂಡಿಯ ಅಜ್ಜಿ ಹೇಳುವ ಹೆಸರು ಬೇರೆ, ಇಂಡಿ ಊರಿನ ಅಜ್ಜಿ ಹೇಳುವ ಹೆಸರು ಬೇರೆ. ಎರಡನ್ನೂ ಬರೆಯಿರಿ. ಈ ಹೆಸರುಗಳು ಹೆಚ್ಚಾಗಿ ಆ ಅಜ್ಜಿಯರ ಬಾಯಲ್ಲೇ ಉಳಿದಿವೆ.

ಎಕ್ಕಕ್ಕೆ ಕಟ್ಟಿದ ಕೆಂಪು ದಾರ ಮರೆಯಬೇಡಿ. ಎರಡು ದಿನಕ್ಕೊಮ್ಮೆ ಹೋಗಿ ನೋಡಿ. ಹುಳ ದಪ್ಪಗಾಗಿ ಒಂದು ದಿನ ಕಾಣೆಯಾದರೆ ಸುತ್ತಲಿನ ಎಲೆಗಳ ಅಡಿಯಲ್ಲಿ, ಪಕ್ಕದ ಬೇಲಿಯಲ್ಲಿ ಹುಡುಕಿ. ತಿಳಿ ಹಸಿರಿನ, ಬಂಗಾರದ ಚುಕ್ಕೆಗಳಿರುವ ಕೋಶವೊಂದು ತೂಗುತ್ತಿರುತ್ತದೆ. ಹಸಿರು ಮಾಸಿ ಒಳಗಿನ ಕಿತ್ತಳೆ ರೆಕ್ಕೆ ಕಾಣತೊಡಗಿದ ಸಂಜೆ ಮಕ್ಕಳಿಗೆ ಬೇಗ ಮಲಗಲು ಹೇಳಿ. ಮರುದಿನ ಬೆಳಿಗ್ಗೆ ಆರೂವರೆಗೆ ಎಲ್ಲರೂ ಗಿಡದ ಮುಂದೆ ಇರಬೇಕು.